ವಿಮಾನ ಹತ್ತದವರ ಶುಲ್ಕ ಯಾರ ಪಾಲು?

ಮಾನ್ಯರೇ,

‘ಆಫರ್ ಟಿಕೆಟ್, ಕ್ಯಾನ್ಸಲ್ ಮಾಡಿದರೂ ಬಿಡಿಗಾಸು ಬರುವುದಿಲ್ಲ’ ಎಂಬ ಮಾತು ನಂಬಿ ವಿಮಾನದ ಟಿಕೆಟ್ಟನ್ನು ಹಾಗೇ ಕೈಬಿಡುವವರು ಬಹಳ. ಈ ಮಾತು ಅರ್ಧ ಮಾತ್ರ ನಿಜ.

ಮೂಲ ದರ ಮತ್ತು ಇಂಧನ ಶುಲ್ಕ ವಿಮಾನ ಕಂಪನಿಯ ಪಾಲು. ಯುಡಿಎಫ್ ಎಂದು ಟಿಕೆಟ್ಟಿನಲ್ಲಿ ಕಾಣುವ ನಿಲ್ದಾಣ ಬಳಕೆ ಶುಲ್ಕ ಮತ್ತು ಭದ್ರತಾ ಶುಲ್ಕವನ್ನು ಕಂಪನಿ ಬರೀ ವಸೂಲಿ ಮಾಡಿ ದಾಟಿಸುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2016ರ ಆಗಸ್ಟ್‌ನಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಟಿಕೆಟ್ ರದ್ದು ಮಾಡಿದರೂ, ರದ್ದು ಮಾಡದೆ ವಿಮಾನ ತಪ್ಪಿಸಿಕೊಂಡರೂ ಈ ಎರಡನೇ ಪಾಲು ವಾಪಸ್ ಬರಬೇಕು. ಆಫರ್ ಟಿಕೆಟ್ಟಿಗೂ ಇದೇ ಲೆಕ್ಕ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಮರುಪಾವತಿ ಮಾಡಿಕೊಟ್ಟಿದ್ದಕ್ಕೆ ಬೇರೆ ಶುಲ್ಕ ಕೇಳುವಂತೆಯೂ ಇಲ್ಲ.

ಒಂದು ಲೆಕ್ಕ ನೋಡಿ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 2,450 ರೂ., ಯುಡಿಎಫ್ 400, ಭದ್ರತಾ ಶುಲ್ಕ 200 ಇದೆ ಎಂದುಕೊಳ್ಳಿ. ಕಂಪನಿಯ ಪಟ್ಟಿಯಲ್ಲಿ ರದ್ದತಿ ಶುಲ್ಕ 4,000 ಎಂದಿದ್ದರೂ ಅದು ಮುರಿದುಕೊಳ್ಳಬಹುದಾದದ್ದು 2,450 ಮಾತ್ರ. ಉಳಿದ 600 ನಿಮ್ಮದು. ನಾಲ್ವರ ಕುಟುಂಬಕ್ಕೆ 2,400 ಆಯಿತು, ಬಿಟ್ಟುಕೊಡುವ ಮೊತ್ತವೇನಲ್ಲ. ಬುಕಿಂಗ್ ವೆಬ್‌ಸೈಟಿನ ಕನ್ವೀನಿಯನ್ಸ್ ಫೀ ಮಾತ್ರ ಹೋದ ಹಾಗೇ. ಹಾಗಾಗಿ ಟಿಕೆಟ್ ಬಂದ ದಿನವೇ ದರದ ವಿವರ ಇರುವ ಪುಟವನ್ನು ಉಳಿಸಿಟ್ಟುಕೊಳ್ಳಿ. ಎಷ್ಟೋ ಏಜೆಂಟರ ಟಿಕೆಟ್ಟಿನಲ್ಲಿ ಬರೀ ಒಟ್ಟು ಮೊತ್ತ ಇರುತ್ತದೆ.

ಕಂಪನಿಯೇ ವಿಮಾನ ರದ್ದು ಮಾಡಿದಾಗ ಹೆಚ್ಚು ಜನ ಎಡವುತ್ತಾರೆ. ಮೆಸೇಜ್ ಬಂದ ಕೂಡಲೇ ಗಾಬರಿಯಾಗಿ ಬುಕಿಂಗ್ ಆ್ಯಪ್ ತೆರೆದು ‘ಕ್ಯಾನ್ಸಲ್’ ಒತ್ತಿಬಿಟ್ಟರೆ, ನೀವಾಗಿಯೇ ರದ್ದು ಮಾಡಿದಿರಿ ಎಂದು ದಾಖಲಾಗಿ ಶುಲ್ಕ ಕಡಿತವಾಗಬಹುದು. ಮೆಸೇಜಿನಲ್ಲಿರುವ ಕಂಪನಿಯ ಕೊಂಡಿಗೇ ಹೋಗಿ, ಬದಲಿ ವಿಮಾನ ಬೇಕೋ ಪೂರ್ತಿ ಹಣ ಬೇಕೋ ಆರಿಸಿ. ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುತ್ತದೆ ಎಂದಾದರೂ ಇದೇ ಆಯ್ಕೆ ಇದೆ. ಒಂದೇ ಪಿಎನ್‌ಆರ್‌ನಲ್ಲಿರುವ ನಾಲ್ವರಲ್ಲಿ ಒಬ್ಬರು ಮಾತ್ರ ಬಿಡುವುದಾದರೆ ಮೊದಲು ಅವರ ಪಿಎನ್‌ಆರ್ ಬೇರೆ ಮಾಡಿಸಿ, ಆಮೇಲೆ ರದ್ದು ಮಾಡಿ.

ಹಣ ವಾಪಸ್ ಕೊಡುವ ಬದಲು ‘ಕ್ರೆಡಿಟ್ ಶೆಲ್‌ನಲ್ಲಿ (ಕಂಪನಿಯಲ್ಲೇ ನಿಮ್ಮ ಹೆಸರಿನ ಜಮೆಯಾಗಿ) ಇಡುತ್ತೇವೆ, ಮುಂದಿನ ಸಲ ಬಳಸಿ’ ಎಂದರೆ ಒಪ್ಪಲೇಬೇಕೆಂದಿಲ್ಲ. ಆ ಆಯ್ಕೆ ಪ್ರಯಾಣಿಕರದು ಎಂದು ನಿಯಮದಲ್ಲೇ ಇದೆ. ಗೋ ಫಸ್ಟ್ ವಿಮಾನ ಕಂಪನಿ 2023ರ ಮೇ 3ರಂದು ಹಾರಾಟ ನಿಲ್ಲಿಸಿ ದಿವಾಳಿ ಪ್ರಕ್ರಿಯೆಗೆ ಹೋದಾಗ, ಅದರಲ್ಲಿ ದುಡ್ಡು ಉಳಿಸಿಕೊಂಡಿದ್ದ ಪ್ರಯಾಣಿಕರೂ ಸಾಲ ಕೊಟ್ಟ ಬ್ಯಾಂಕುಗಳ ಜೊತೆ ಸಾಲಿನಲ್ಲಿ ನಿಲ್ಲಬೇಕಾಯಿತು. ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿದ್ದರೆ ಏಳು ದಿನದೊಳಗೆ ಹಣ ಕಾರ್ಡ್ ಖಾತೆಗೇ ಮರಳಬೇಕು. ಏಜೆಂಟ್ ಮೂಲಕ ಕೊಂಡಿದ್ದರೂ ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ. ‘ಏಜೆಂಟನ್ನು ಕೇಳಿ’, ‘ಕಂಪನಿಯನ್ನು ಕೇಳಿ’ ಎಂಬ ಚೆಂಡಾಟ ಶುರುವಾದರೆ ದೂರು ನೋಡಿಕೊಳ್ಳುವ ಕಂಪನಿಯ ನೋಡಲ್ ಅಧಿಕಾರಿಗೆ ಪಿಎನ್‌ಆರ್ ಸಮೇತ ಇಮೇಲ್ ಮಾಡಿ. ಅಲ್ಲಿ ಕೆಲಸವಾಗದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಇದೆ, ಗ್ರಾಹಕ ಸಹಾಯವಾಣಿ 1915 ಇದೆ.

ಇಷ್ಟಾದರೂ ವಿಮಾನ ತಪ್ಪಿಸಿಕೊಂಡವರು ಯುಡಿಎಫ್ ಮತ್ತು ಭದ್ರತಾ ಶುಲ್ಕ ವಾಪಸ್ ಪಡೆಯಲು ಕಂಪನಿಯ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿರುವ ಫಾರ್ಮ್ ಹುಡುಕಿ ತುಂಬಬೇಕು. ಕೇಳದವರಿಗೆ ಸಿಗುವುದಿಲ್ಲ. ರೈಲ್ವೆಯಲ್ಲಿ ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿಯೇ ರದ್ದಾಗಿ, ಹಣ ಖಾತೆಗೆ ಬೀಳುತ್ತದೆ. ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ಯಾರು ಹತ್ತಿದರು, ಯಾರು ಹತ್ತಲಿಲ್ಲ ಎಂಬ ಪಟ್ಟಿ ಕಂಪನಿಯ ಕೈಯಲ್ಲಿರುತ್ತದೆ. ಆ ಪಟ್ಟಿ ನೋಡಿ, ಅರ್ಜಿಗೆ ಕಾಯದೆ, ಹಣ ಬಂದ ಖಾತೆಗೇ ಈ ಶುಲ್ಕ ಮರಳಿಸಬೇಕೆಂದು ಮಹಾನಿರ್ದೇಶನಾಲಯ ಆದೇಶಿಸಲಿ.

– ಓದುಗ, ಹುಬ್ಬಳ್ಳಿ