ಎಲ್ಲವನ್ನೂ ಗುಣ ಮಾಡುವ ಯಂತ್ರ ಬೇಡ

ಶಿರಸಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. 2071ರ ಯುದ್ಧ, ಕಾರವಾರದ ಬಿಣಗಾ ಗುಡ್ಡದೊಳಗೆ ಕೊರೆದ ನೌಕಾಪಡೆಯ ಆಸ್ಪತ್ರೆ, ಮಳೆಗಾಲದಲ್ಲಿ ಸುರಂಗದ ಗೋಡೆಯಿಂದ ಜಿನುಗುವ ನೀರಿಗೆ ಬಕೆಟ್ ಇಡುವ ಆಯಾ, ಎಲ್ಲ ಹಿಡಿಸಿತು. ಆಕೆ ಗಾಯಾಳುಗಳ ಹತ್ತಿರ ಕೊಂಕಣಿ, ನರ್ಸುಗಳ ಹತ್ತಿರ ಕನ್ನಡ, ಅಧಿಕಾರಿಗಳ ಹತ್ತಿರ ಹರಕು ಹಿಂದಿ ಮಾತಾಡುತ್ತಾಳಲ್ಲ, ಅದನ್ನು ಕಾರವಾರದವಳೇ ಬರೆಯಬೇಕು. ಘಟ್ಟದ ಮೇಲಿನ ನಾವು ಬರೆದರೆ ಎಲ್ಲರೂ ಒಂದೇ ಕನ್ನಡ ಮಾತಾಡಿಬಿಡುತ್ತಾರೆ.

ಹೊಗಳಿದ್ದು ಸಾಕು. ತೊಂದರೆ ಇರುವುದು ನಿನ್ನ ಯಂತ್ರದಲ್ಲಿ.

ಗಾಯಾಳುವನ್ನು ಒಳಗೆ ಮಲಗಿಸಿದರೆ ಹತ್ತೇ ನಿಮಿಷದಲ್ಲಿ ಮೂಳೆ, ನರ, ಚರ್ಮ ಎಲ್ಲ ಕೂಡಿಸಿ ಹೊರಗೆ ಕಳಿಸುತ್ತದೆ. ಮೊದಲನೆಯವನು ಎದ್ದು ಬಂದಾಗ ನನಗೂ ಖುಷಿಯಾಯಿತು. ಮೂರನೆಯವನ ಹೊತ್ತಿಗೆ ಭಯವೇ ಹೋಯಿತು. ಯಾರು ಬಂದರೂ ಬದುಕುತ್ತಾರೆ ಅಂದಮೇಲೆ ಸ್ಟ್ರೆಚರ್ ಬಂದರೇನು, ಬಿಟ್ಟರೇನು? ನಿನ್ನ ಡಾಕ್ಟರುಗಳಿಗೂ ಕೆಲಸ ಉಳಿದಿಲ್ಲ. ಅದಕ್ಕೇ ಅವರು ಪುಟಗಟ್ಟಲೆ ಕೂತು ಯುದ್ಧ ಸರಿಯೋ ತಪ್ಪೋ ಅಂತ ಮಾತಾಡುತ್ತಾರೆ.

ಯುದ್ಧದ ಆಸ್ಪತ್ರೆಯಲ್ಲಿ ಏನಾದರೂ ಒಂದು ಸಾಲದೆ ಬಂದಾಗಲೇ ಕಥೆ ಶುರು. ಹಾಸಿಗೆ, ಕೈಗಳು, ಹೊತ್ತು, ರಕ್ತ, ಯಾವುದಾದರೂ ಆಗಬಹುದು. ನಿನ್ನ ಯಂತ್ರ ಒಂದು ಕೊರತೆ ನೀಗಿಸಲಿ, ಬೇಡ ಅನ್ನುವುದಿಲ್ಲ. ಆದರೆ ಹಿಂದೆ ಇಲ್ಲದಿದ್ದ ಇನ್ನೊಂದು ತೊಡಕನ್ನು ಅದೇ ತಂದಿಡಬೇಕು.

ರಕ್ತವನ್ನೇ ತಗೋ. ಇವತ್ತಿನ ಸ್ಥಿತಿ ಹೀಗಿದೆ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿಟ್ಟರೆ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್‌ಗಳಿಗೆ ಸಾಮಾನ್ಯವಾಗಿ ಫ್ರಿಜ್ ಆಗದು. 20ರಿಂದ 24 ಡಿಗ್ರಿಯಲ್ಲಿ ಬಿಡದೆ ಅಲುಗಾಡಿಸುತ್ತಾ ಇಡಬೇಕು, ಅದೂ ಸುಮಾರು ಐದು ದಿನ. ಜನರೇಟರ್ ನಿಂತ ರಾತ್ರಿ ಆ ಅಲುಗಾಡುವ ತಟ್ಟೆಯನ್ನು ಕೈಯಲ್ಲಿ ಅಲ್ಲಾಡಿಸುತ್ತಾ ಕೂತವನೊಬ್ಬನನ್ನು ಬರೆದರೆ ನಿನ್ನ ಅರ್ಧ ಅಧ್ಯಾಯ ಅಲ್ಲೇ ಸಿಕ್ಕಿತು.

ಈಗ ಒಂದು ಹೆಜ್ಜೆ ಮುಂದೆ ಹೋಗು. ಎ ಮತ್ತು ಬಿ ಗುಂಪಿನ ಕೆಂಪು ಕಣಗಳ ಮೇಲಿರುವ ಸಕ್ಕರೆಯ ತುದಿಯನ್ನು ಕಿಣ್ವಗಳಿಂದ ಕತ್ತರಿಸಿ ಅದನ್ನು ಓ ಗುಂಪಿನಂತೆ ಮಾಡುವ ಸಂಶೋಧನೆ ಈಗಾಗಲೇ ನಡೆದಿದೆ. 2071ಕ್ಕೆ ಅದು ಪೂರ್ತಿ ಕೈಗೂಡಿದೆ ಅಂತಿಟ್ಟುಕೋ. ಸುರಂಗದ ಯಂತ್ರ ಯಾರ ರಕ್ತ ಬಂದರೂ ಓ ಮಾಡುತ್ತದೆ, ಯಾರಿಗೆ ಬೇಕಾದರೂ ಏರಿಸುತ್ತದೆ. ಗುಂಪು ನೋಡುವುದು, ಇಬ್ಬರ ರಕ್ತ ಹೊಂದುತ್ತದೋ ಅಂತ ಕ್ರಾಸ್ ಮ್ಯಾಚ್ ಮಾಡುವುದು, ಎಲ್ಲ ಹಳೆಯ ಕಾಲದ ಮಾತಾಗಿದೆ. ಸಾವಿರಾರು ಜೀವ ಉಳಿದಿದೆ.

ಆಗ ಒಬ್ಬ ನಾವಿಕ ಬರುತ್ತಾನೆ. ಅವನದು ಬಾಂಬೆ ಬ್ಲಡ್ ಗ್ರೂಪ್.

1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ಗುರುತಿಸಿದ ಗುಂಪು ಅದು. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುತ್ತಾರೆ. ಓ ರಕ್ತದಲ್ಲಿ ಎ, ಬಿ ಇಲ್ಲದಿದ್ದರೂ ಅವುಗಳ ಬುಡದಲ್ಲಿರುವ ಎಚ್ ಎಂಬ ಅಂಶ ಇದ್ದೇ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಅವರ ರಕ್ತ ಓ ಅಂತಲೇ ತೋರುತ್ತದೆ, ಆದರೆ ಓ ರಕ್ತ ಏರಿಸಿದರೆ ಮೈ ಅದನ್ನು ಒಡೆದುಹಾಕುತ್ತದೆ. ಎಲ್ಲರನ್ನೂ ಉಳಿಸಿದ ಯಂತ್ರ ಇವನೊಬ್ಬನನ್ನು ಕೊಲ್ಲುತ್ತದೆ. ಅದೂ ಕೆಟ್ಟುಹೋಗಿ ಅಲ್ಲ, ಸರಿಯಾಗಿ ಕೆಲಸ ಮಾಡಿಯೇ. ಯಂತ್ರ ಹುಚ್ಚುಹಿಡಿದು ದಂಗೆ ಏಳುವ ನಿನ್ನ ಏಳನೇ ಅಧ್ಯಾಯಕ್ಕಿಂತ ಇದು ಜಾಸ್ತಿ ಹೆದರಿಸುತ್ತದೆ, ಅಲ್ವಾ?

ಅಷ್ಟಕ್ಕೇ ನಿಲ್ಲಿಸಬೇಡ. ಯಾರೋ ಸಮಯಕ್ಕೆ ಸರಿಯಾಗಿ ಗುರುತಿಸುತ್ತಾರೆ. ಸುರಂಗದಲ್ಲಿ ಅದೇ ಗುಂಪಿನ ಇನ್ನೊಬ್ಬ ಇದ್ದಾನೆ. ದಯವಿಟ್ಟು ಅವನನ್ನು ಶತ್ರುಪಡೆಯ ಕೈದಿ ಮಾಡಬೇಡ, ಅದು ಸಿನಿಮಾ. ಅವನು ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಆಗಿರಲಿ, ಎರಡು ರಾತ್ರಿಯಿಂದ ನಿದ್ದೆ ಇಲ್ಲದವನು. ಒಂದು ಬಾಟಲಿ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು ಅನ್ನುವುದು ನಮ್ಮಲ್ಲಿಯ ನಿಯಮ. ನಾವಿಕನಿಗೆ ಬೇಕಿರುವುದು ಎರಡು. ಟೆಕ್ನಿಷಿಯನ್ ಮಲಗಿಬಿಟ್ಟರೆ ಥಿಯೇಟರ್ ನಡೆಯುವುದಿಲ್ಲ, ಹೊರಗೆ ಸ್ಟ್ರೆಚರುಗಳು ಕಾಯುತ್ತಿವೆ. ಎರಡನೇ ಬಾಟಲಿ ಕೇಳುವವರು ಯಾರು? ಆ ಒಂದು ತಾಸನ್ನು ನಿಧಾನವಾಗಿ ಬರಿ. ಯುದ್ಧ ಸರಿಯೋ ತಪ್ಪೋ ಅನ್ನುವ ಭಾಷಣ ಬೇಡವೇ ಬೇಡ.

ಹೊತ್ತಿನ ವಿಷಯ. ಕೈಕಾಲಿನ ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಎಷ್ಟು ಗಂಟೆಗೆ ಬಿಗಿದರು ಅನ್ನುವುದನ್ನು ಗಾಯಾಳುವಿನ ಹಣೆಯ ಮೇಲೇ ಪೆನ್ನಿನಲ್ಲಿ ಬರೆಯುವ ರೂಢಿ ಇದೆ. ಬೆವರಿಗೆ ಅರ್ಧ ಅಳಿಸಿದ ಅಂಕಿ: ಅದು 3 ಗಂಟೆಯೋ 8 ಗಂಟೆಯೋ? ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿ ಇದೆ. ಮುಟ್ಟಿನ ರಕ್ತಸ್ರಾವ ಜಾಸ್ತಿಯಾದರೆ ಡಾಕ್ಟರು ಬರೆದುಕೊಡುವ ಅದೇ ಅಗ್ಗದ ಔಷಧಿ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸಾವನ್ನು ಕಡಿಮೆ ಮಾಡಿತು. ಮೂರು ತಾಸಿನೊಳಗೆ ಕೊಡಬೇಕು, ತಡವಾದರೆ ಅಪಾಯವೇ ಜಾಸ್ತಿ ಎಂದು ಆಮೇಲಿನ ಲೆಕ್ಕ ಹೇಳಿತು. ಹಾಗಾಗಿ ಆ ಅಳಿಸಿದ ಅಂಕಿಯ ಮೇಲೆ ಒಂದು ಜೀವ ನಿಂತಿದೆ.

ಇನ್ನೊಂದು. ನಿನ್ನ ಥಿಯೇಟರಿನಲ್ಲಿ ಎಸಿ ಕೊರೆಯುತ್ತದೆ. ರಕ್ತ ಸೋರಿದವನ ಮೈ ಮೇ ತಿಂಗಳ ಕಾರವಾರದ ಸೆಕೆಯಲ್ಲೂ ತಣ್ಣಗಾಗುತ್ತದೆ. ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದಿಲ್ಲ, ಇನ್ನಷ್ಟು ಸೋರುತ್ತದೆ. ಅಂಥವನು ಬಂದಾಗ ಕೋಣೆಯನ್ನು ಬಿಸಿ ಇಡುತ್ತಾರೆ. ಡಾಕ್ಟರುಗಳು ಬೆವರಿ ನೆನೆಯಲಿ, ನಿನ್ನ ಆಯಾ ಕಂಬಳಿ ಹುಡುಕಲಿ.

ಹುದ್ದೆಗಳನ್ನು ಸರಿಮಾಡು. ನೌಕಾಪಡೆಯ ಡಾಕ್ಟರ್ ‘ಮೇಜರ್’ ಆಗಿರುವುದಿಲ್ಲ, ‘ಸರ್ಜನ್ ಲೆಫ್ಟಿನೆಂಟ್ ಕಮಾಂಡರ್’. ಕತ್ತಿ ಹಿಡಿಯದ ಡಾಕ್ಟರಿಗೂ ಹೆಸರಿನ ಹಿಂದೆ ಸರ್ಜನ್ ಇರುತ್ತದೆ. ಆದರೆ ಮಿಲಿಟರಿ ನರ್ಸಿಂಗ್ ಸರ್ವಿಸಿನ ನರ್ಸ್ ನೌಕಾಪಡೆಯ ಆಸ್ಪತ್ರೆಯಲ್ಲಿದ್ದರೂ ಕ್ಯಾಪ್ಟನ್, ಮೇಜರ್ ಅಂತಲೇ ಇರುತ್ತಾಳೆ. ಈ ಗೊಂದಲದಿಂದ ಒಂದು ನಗೆಯ ಮಾತು ಹುಟ್ಟಿಸಬಹುದು. ನಿನ್ನ ಹಸ್ತಪ್ರತಿಯಲ್ಲಿ ಒಬ್ಬರೂ ನಗುವುದಿಲ್ಲ. ಅಂಥ ಜಾಗದಲ್ಲಿ ನಗದೆ ಕೆಲಸ ಸಾಗದು.

ಯಾರಿಗೆ ಮೊದಲು ಚಿಕಿತ್ಸೆ ಅನ್ನುವ ನಿನ್ನ ದೃಶ್ಯದಲ್ಲಿ ಕಮಾಂಡರ್ ‘ನಮ್ಮವರು ಮೊದಲು’ ಅನ್ನುತ್ತಾನೆ, ಎಲ್ಲರೂ ತಲೆಯಾಡಿಸುತ್ತಾರೆ. 1949ರ ಜಿನೀವಾ ಒಪ್ಪಂದ ಆ ಮಾತು ಒಪ್ಪುವುದಿಲ್ಲ. ಗಾಯದ ತುರ್ತು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಒಬ್ಬನನ್ನು ಮುಂದೆ ಮಾಡುವಂತಿಲ್ಲ, ಶತ್ರುವಾದರೂ ಅಷ್ಟೇ. ನಿನ್ನ ಡಾಕ್ಟರಿಗೆ ಇದು ಗೊತ್ತಿರುತ್ತದೆ. ಗೊತ್ತಿದ್ದೂ ಅವಳು ಏನು ಮಾಡುತ್ತಾಳೆ ಅನ್ನುವುದನ್ನು ಬರಿ.

ತಾಳಮದ್ದಳೆ ಕೇಳುತ್ತಾ ಬೆಳೆದವಳು ನೀನು. ಭೀಷ್ಮ ಶರಶಯ್ಯೆಯಲ್ಲಿ ಮಲಗಿದಾಗ ಬಾಣ ಕೀಳುವ ವೈದ್ಯರನ್ನು ದುರ್ಯೋಧನ ಕರೆತರುತ್ತಾನೆ. ಭೀಷ್ಮ ಅವರಿಗೆ ದಕ್ಷಿಣೆ ಕೊಡಿಸಿ ವಾಪಸ್ ಕಳಿಸುತ್ತಾನೆ. ಅರ್ಥಧಾರಿಗಳು ಭೀಷ್ಮನ ಬಗ್ಗೆ ತಾಸುಗಟ್ಟಲೆ ಹೇಳುತ್ತಾರೆ. ನನಗೋ ಆ ವೈದ್ಯರ ಚಿಂತೆ. ಕೈಯಲ್ಲಿ ಸಲಕರಣೆ ಹಿಡಿದು, ಸುತ್ತ ಅಷ್ಟೊಂದು ಜನ ನರಳುತ್ತಿರುವಾಗ, ಅವರು ಆ ರಾತ್ರಿ ಯಾವ ಡೇರೆಗೆ ಹೋದರು?

ಊರಿನ ವಿಷಯದಲ್ಲಿ ಸ್ವಲ್ಪ ಜಿಪುಣತನ ಮಾಡಿದ್ದೀಯ. ಹೆದ್ದಾರಿ ಬಂದ್ ಆಗಲು ನಿನಗೆ ಕ್ಷಿಪಣಿ ಯಾಕೆ ಬೇಕಾಯಿತು? 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. ಮರುತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮಧ್ಯರಾತ್ರಿ ಕುಸಿಯಿತು. ದೊಡ್ಡ ಕಾಯಿಲೆ ಅಂದರೆ ಗೋವಾ, ಮಣಿಪಾಲ, ಹುಬ್ಬಳ್ಳಿ ಅಂತ ಓಡುವ ಜಿಲ್ಲೆ ನಮ್ಮದು. ಆಂಬುಲೆನ್ಸಿನಲ್ಲಿ ಹೊತ್ತು ಹೇಗೆ ಎಳೆಯುತ್ತದೆ ಅಂತ ಮನೆಮನೆಯಲ್ಲೂ ಗೊತ್ತು. ನೌಕಾನೆಲೆ ಕಟ್ಟಲು ಬಂದ ಸೀಬರ್ಡ್ ಯೋಜನೆಗೆ ಊರು ಬಿಟ್ಟು ಎದ್ದವರ ಮೊಮ್ಮಗಳು ನಿನ್ನ ಆಯಾ ಆಗಿದ್ದರೆ, ಅವಳು ಬಕೆಟ್ ಇಡುವ ಗುಡ್ಡ ಒಂದು ಕಾಲಕ್ಕೆ ಅಜ್ಜಿ ಸೌದೆ ತರುತ್ತಿದ್ದ ಗುಡ್ಡವೇ ಆಗಬಹುದು. ಇದನ್ನು ಅವಳ ಬಾಯಲ್ಲಿ ದೊಡ್ಡದಾಗಿ ಹೇಳಿಸಬೇಡ. ಯಾವ ಬಂಡೆಯಿಂದ ನೀರು ಜಿನುಗುತ್ತದೆ ಅಂತ ಇಂಜಿನಿಯರುಗಳಿಗಿಂತ ಮೊದಲು ಅವಳಿಗೆ ಗೊತ್ತಿದ್ದರೆ ಸಾಕು.

ಕೊನೆಯಲ್ಲಿ ಯಂತ್ರ ಕಣ್ಣೀರು ಹಾಕುತ್ತದಲ್ಲ, ಆ ಅಧ್ಯಾಯ ಪೂರ್ತಿ ತೆಗೆ. ಅದಕ್ಕೆ ಏನೂ ಅನ್ನಿಸಬೇಕಾಗಿಲ್ಲ. ಮೊದಲು ಎರಡನೇ ಬಾಟಲಿಯ ತಾಸು ಬರೆದು ಅಷ್ಟನ್ನೇ ಕಳಿಸು. ಉಳಿದದ್ದನ್ನು ಎಲ್ಲಿ ಕೂಡಿಸಬೇಕು ಅಂತ ಆಮೇಲೆ ನೋಡೋಣ. ಈ ಸಲ ಅಕ್ಷರ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ಹಾಕಿಸು, ಮಾರಾಯ್ತಿ.

ಇಂತಿ,
ನಿನ್ನ ಅಣ್ಣ