ಚೇತರಿಕೆಯ ಲೆಕ್ಕದಲ್ಲಿ ಹೊಲಕ್ಕೆ ಮರಳಿದವರು ಎಲ್ಲಿದ್ದಾರೆ? ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಬೆಂಗಳೂರು, ಮಾರ್ಚ್ 2025

ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,
ಕೇಂದ್ರ ಹಣಕಾಸು ಸಚಿವರು ಹಾಗೂ ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರು

ಮಾನ್ಯರೇ, ನಮಸ್ಕಾರ.

2016ರಿಂದ ತಾವು ರಾಜ್ಯಸಭೆಯಲ್ಲಿರುವುದು ನಮ್ಮ ರಾಜ್ಯದ ಶಾಸಕರ ಮತದಿಂದ. ಆ ಸಲುಗೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಹೊಟ್ಟೆ ಹೊರೆಯುವವನು ನಾನು. ಊರು ರಾಯಚೂರು ಜಿಲ್ಲೆ, ಲಿಂಗಸುಗೂರು ಕಡೆ. ಬಿಲ್ ಹರಿಯುವ ಜಾಗವನ್ನೂ ನೋಡುತ್ತೇನೆ, ಗುಳೆ ಹೊರಡುವ ಊರನ್ನೂ ನೋಡುತ್ತೇನೆ.

ಕಳೆದ ತಿಂಗಳ ಕೊನೆಗೆ ತಮ್ಮ ಸರ್ಕಾರ ಹೊಸ ಅಂದಾಜು ಹೊರಡಿಸಿತು. ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, 2023-24ರ ಬೆಳವಣಿಗೆ ಶೇ 9.2, 2024-25ರದ್ದು ಶೇ 6.5. ಈ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. 2020ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಶೇ 23.9ರಷ್ಟು ಕುಸಿದಿದೆ ಎಂಬ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಷಟರ್ ಕೆಳಗಿದ್ದವು. ಮುಂದಿನ ತ್ರೈಮಾಸಿಕದಲ್ಲೂ ಶೇ 7.5ರ ಇಳಿಕೆಯಾಗಿ, ದೇಶ ಹಿಂಜರಿತಕ್ಕೆ ಬಿದ್ದಿದೆ ಎಂದು ಎಲ್ಲರೂ ಒಪ್ಪಿದರು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ, ನಿಜ. 2021-22ರಲ್ಲೇ ಜಿಡಿಪಿ ಕೋವಿಡ್ ಪೂರ್ವದ ಮಟ್ಟ ದಾಟಿತು. ಬಾವಿಗೆ ಬಿದ್ದವನು ದಡಕ್ಕೆ ಬಂದದ್ದನ್ನೇ ಎತ್ತರ ಜಿಗಿತ ಎಂದು ಬಣ್ಣಿಸಿದಾಗ ಸ್ವಲ್ಪ ನಗು ಬಂದಿತ್ತು, ಅಷ್ಟೆ.

ನನ್ನ ತಕರಾರು ಇರುವುದು ಇನ್ನೊಂದು ಅಂಕಿಯ ಬಗ್ಗೆ. ಅದೂ ತಮ್ಮ ಸರ್ಕಾರದ್ದೇ, ಆದರೆ ಬಜೆಟ್ ಭಾಷಣದಲ್ಲಿ ಅದನ್ನು ಕೇಳಿದ ನೆನಪಿಲ್ಲ. ಕಾರ್ಮಿಕ ಬಲದ ನಿಯತಕಾಲಿಕ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ 42.5ರಷ್ಟು ಮಂದಿ ಕೃಷಿಯಲ್ಲಿದ್ದರು. 2020-21ರಲ್ಲಿ ಅದು ಶೇ 46.5ಕ್ಕೆ ಏರಿತು. ಲಾಕ್‌ಡೌನ್‌ನಲ್ಲಿ ಗಂಟುಮೂಟೆ ಹೊತ್ತು ನಡೆದವರು ಎಲ್ಲಿಗೆ ಹೋದರು ಎಂಬುದಕ್ಕೆ ಅದೇ ಉತ್ತರ. ಸರಿ, ಆಪತ್ಕಾಲ. ಆದರೆ 2023-24ರ ವರದಿಯಲ್ಲೂ ಅದು ಶೇ 46.1! ಜಿಡಿಪಿ ಎದ್ದು ನಿಂತು ಮೂರು ವರ್ಷವಾಗುತ್ತ ಬಂದರೂ ಹೊಲಕ್ಕೆ ಹೋದವರು ಹೊಲದಲ್ಲೇ ಇದ್ದಾರೆ. 2004-05ರಿಂದ ಸಮೀಕ್ಷೆಯಿಂದ ಸಮೀಕ್ಷೆಗೆ ಇಳಿಯುತ್ತಲೇ ಬಂದಿದ್ದ ಪ್ರಮಾಣ ಇದು. ಈಗ ತಿರುಗಿ ಏರಿ, ಅಲ್ಲೇ ಕೂತಿದೆ.

ಒಕ್ಕಲುತನ ಕೀಳು ಎಂದು ನಾನು ಹೇಳುತ್ತಿಲ್ಲ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಅಷ್ಟನ್ನು ಹೆಚ್ಚುಕಡಿಮೆ ಅರ್ಧ ದೇಶ ಹಂಚಿಕೊಳ್ಳಬೇಕು. ನಮ್ಮ ಕಡೆ ನಾಲ್ಕೆಕರೆ ತೊಗರಿ ಹೊಲಕ್ಕೆ ಮೊದಲು ಎಷ್ಟು ಕೈ ಬೇಕಿತ್ತೋ ಈಗಲೂ ಅಷ್ಟೇ ಬೇಕು. ಬೆಂಗಳೂರಿನ ಸೈಟಿನಿಂದ ಮಗ ಸೊಸೆ ವಾಪಸ್ ಬಂದರೆ ಅದೇ ಕಳೆಯನ್ನು ನಾಲ್ವರ ಬದಲು ಆರು ಮಂದಿ ತೆಗೆಯುತ್ತಾರೆ. ಸಮೀಕ್ಷೆಯವರು ಬಂದು ಕೇಳಿದರೆ ಆರೂ ಮಂದಿ ‘ಉದ್ಯೋಗಸ್ಥರು’. ನಿರುದ್ಯೋಗ ದರ ಇಳಿದಿದೆ ಎಂದು ದಿಲ್ಲಿಯಲ್ಲಿ ಹೇಳುವಾಗ ಈ ಆರು ಮಂದಿಯೂ ಆ ಲೆಕ್ಕದಲ್ಲಿದ್ದಾರೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಗ್ರಾಮೀಣ ಮಹಿಳೆಯರು ದುಡಿಮೆಯಲ್ಲಿ ಪಾಲ್ಗೊಳ್ಳುವ ಪ್ರಮಾಣ 2017-18ರ ಶೇ 24.6ರಿಂದ 2023-24ಕ್ಕೆ ಶೇ 47.6ಕ್ಕೆ ಏರಿದೆ ಎಂದು ಸರ್ಕಾರ ಹೆಮ್ಮೆಪಡುತ್ತದೆ. ಆದರೆ ದೇಶದಲ್ಲಿ ದುಡಿಯುವ ಮಹಿಳೆಯರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಮನೆಯದೇ ಹೊಲ, ಅಂಗಡಿ, ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು. ಬಟವಾಡೆ ಇಲ್ಲದ ದುಡಿಮೆಯನ್ನು ಚೇತರಿಕೆಯ ಖಾತೆಗೆ ಬರೆದುಕೊಳ್ಳುವುದು ನನ್ನಂಥ ಲೆಕ್ಕ ಬರೆಯುವವನಿಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಚೇತರಿಸಿಕೊಂಡವರು ಯಾರು? ಜನವರಿ 31ರಂದು ತಾವೇ ಮಂಡಿಸಿದ ಆರ್ಥಿಕ ಸಮೀಕ್ಷೆ ಇದನ್ನು ಮುಚ್ಚಿಡದೆ ಹೇಳಿದೆ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಹೆಚ್ಚಿದರೆ, ಉದ್ಯೋಗ ಹೆಚ್ಚಿದ್ದು ಶೇ 1.5ರಷ್ಟು ಮಾತ್ರ. ಅದನ್ನು ಬರೆದ ಅಧಿಕಾರಿಗಳಿಗೆ ನನ್ನ ವಂದನೆ. 2019ರ ಸೆಪ್ಟೆಂಬರ್‌ನಲ್ಲಿ ತಾವು ಕಾರ್ಪೊರೇಟ್ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ, ವರ್ಷಕ್ಕೆ ₹1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡುತ್ತಿದ್ದೇವೆ, ಹೂಡಿಕೆ ಬರುತ್ತದೆ, ಕೆಲಸ ಹುಟ್ಟುತ್ತದೆ ಎಂಬ ಮಾತಿತ್ತು. ಲಾಭ ಬಂತು.

ಸಣ್ಣವರಿಗೂ ನೆರವು ಕೊಟ್ಟೆವಲ್ಲ ಎಂದು ತಾವು ಕೇಳಬಹುದು. 2020ರ ಮೇ ತಿಂಗಳಲ್ಲಿ ಘೋಷಿಸಿದ ₹3 ಲಕ್ಷ ಕೋಟಿಯ ಖಾತರಿ ಸಾಲ ನನಗೆ ಚೆನ್ನಾಗಿ ನೆನಪಿದೆ, ಎಷ್ಟೋ ಅರ್ಜಿಗಳನ್ನು ತುಂಬಿಕೊಟ್ಟವನು ನಾನೇ. 2020ರ ಫೆಬ್ರುವರಿ 29ಕ್ಕೆ ಬ್ಯಾಂಕಿನಲ್ಲಿ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇ 20ರಷ್ಟು ಹೆಚ್ಚುವರಿ ಸಾಲ ಕೊಡುವುದು ಆ ಯೋಜನೆ. ಬ್ಯಾಂಕ್ ಸಾಲವೇ ಇಲ್ಲದೆ ಕೈಗಡ, ಚೀಟಿ, ಹೆಂಡತಿಯ ಬಳೆಗಳ ಮೇಲೆ ಎರಡು ಲೇತ್ ಓಡಿಸುತ್ತಿದ್ದವನಿಗೆ ಸೊನ್ನೆಯ ಶೇ 20 ಸಿಕ್ಕಿತು. ಅಂಥವರಲ್ಲಿ ಕೆಲವರು ಲೇತ್ ಮಾರಿ ಈಗ ಕ್ಯಾಬ್ ಓಡಿಸುತ್ತಿದ್ದಾರೆ. ನೋಂದಾಯಿತ ಕಂಪನಿಗಳಲ್ಲದ ಈ ಸಣ್ಣ ಉದ್ಯಮಗಳ ಬಗ್ಗೆಯೂ ತಮ್ಮ ಅಂಕಿಅಂಶ ಸಚಿವಾಲಯದ ಸಮೀಕ್ಷೆ ಇದೆ: 2015-16ರಲ್ಲಿ ಅಲ್ಲಿ 11.13 ಕೋಟಿ ಮಂದಿ ದುಡಿಯುತ್ತಿದ್ದರು, 2022-23ರಲ್ಲಿ 10.96 ಕೋಟಿ. ಏಳು ವರ್ಷದಲ್ಲಿ ಕಡಿಮೆಯಾದರು. ಮರುವರ್ಷ 12.06 ಕೋಟಿಗೆ ಏರಿದೆ, ಅದನ್ನೂ ಹೇಳಬೇಕು. ಆದರೂ ನಡುವೆ ಕಳೆದುಹೋದ ವರ್ಷಗಳ ದುಡಿಮೆಯನ್ನು ಯಾರೂ ವಾಪಸ್ ಕೊಡುವುದಿಲ್ಲ.

ಇಲ್ಲಿ ತಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಜಾಬ್ ವರ್ಕ್, ಅಂದರೆ ದೊಡ್ಡ ಕಂಪನಿಗಳು ಕೊಟ್ಟ ಕೆಲಸ ಮಾಡಿಕೊಡುವವನು ಇವತ್ತು ಬಿಲ್ ಕೊಟ್ಟರೆ ಮುಂದಿನ ತಿಂಗಳ 20ಕ್ಕೆ ಜಿಎಸ್‌ಟಿ ಕಟ್ಟಬೇಕು. ಮಾಲು ಪಡೆದ ದೊಡ್ಡ ಕಂಪನಿ ದುಡ್ಡು ಕೊಡುವುದು ಮೂರು ತಿಂಗಳಿಗೆ, ಕೆಲವೊಮ್ಮೆ ಆರು ತಿಂಗಳಿಗೆ. ತನಗೆ ಬಾರದ ಹಣದ ಮೇಲಿನ ತೆರಿಗೆಯನ್ನು ಅವನು ಬಡ್ಡಿಗೆ ತಂದು ಕಟ್ಟುತ್ತಾನೆ. ಸರ್ಕಾರದ ‘ಉದ್ಯಮ್’ ಪಟ್ಟಿಯಲ್ಲಿ ನೋಂದಾಯಿಸಿಕೊಂಡ ಸಣ್ಣವರಿಗೆ 45 ದಿನದೊಳಗೆ ಹಣ ಕೊಡದಿದ್ದರೆ ಕೊಳ್ಳುವವರಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ಸಿಗದು ಎಂದು ತಾವು ನಿಯಮ ತಂದಿರಿ. ಉದ್ದೇಶ ಒಳ್ಳೆಯದು. ಆದರೆ ನನ್ನ ಕಕ್ಷಿದಾರರಿಗೆ ಬಂದ ಫೋನುಗಳು ಏನು ಗೊತ್ತೇ? ‘ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಂಡು ಬನ್ನಿ, ಆಮೇಲೆ ಆರ್ಡರ್ ಮಾತಾಡೋಣ.’ ಬಲ ಇಲ್ಲದವನ ಕೈಗೆ ಕಾನೂನು ಕೊಟ್ಟರೆ ಅವನು ಅದನ್ನು ಬಳಸಲಾರ. ಅದರ ಬದಲು, ವರ್ಷಕ್ಕೆ ₹2 ಕೋಟಿಯೊಳಗೆ ವಹಿವಾಟು ಇರುವವರು ಹಣ ಕೈಗೆ ಬಂದ ಮೇಲೆ ಜಿಎಸ್‌ಟಿ ಕಟ್ಟಲಿ. ಹಳೆಯ ಸೇವಾ ತೆರಿಗೆಯಲ್ಲಿ ₹50 ಲಕ್ಷದವರೆಗೆ ಇಂಥದೇ ಸೌಲಭ್ಯವಿತ್ತು, ಬೊಕ್ಕಸವೇನೂ ಬರಿದಾಗಲಿಲ್ಲ. ಜಿಎಸ್‌ಟಿ ಮಂಡಳಿಯ ಅಧ್ಯಕ್ಷರು ತಾವೇ. ಮುಂದಿನ ಸಭೆಗೆ ಈ ವಿಷಯ ತನ್ನಿ.

ಊರಿನ ಕಡೆ ಬರೋಣ. ಕೂಲಿ ಏರದೆ ಖರ್ಚು ಏರಿದಾಗ ಸಂಘದ ಸಾಲ, ಫೈನಾನ್ಸಿನವರ ಸಾಲ, ಅದನ್ನು ತೀರಿಸಲು ಇನ್ನೊಬ್ಬರ ಹತ್ತಿರ ಸಾಲ. ಈ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ತಮಗೂ ಮುಟ್ಟಿರಬೇಕು. ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ವಸೂಲಿಯ ದೌರ್ಜನ್ಯಕ್ಕೆ ಕಡಿವಾಣ ಹಾಕಲು ನೋಡಿತು. ಅದರಿಂದ ಬಾಗಿಲು ಬಡಿಯುವುದು ನಿಂತೀತು, ಸಾಲ ಮಾಡುವ ಗತಿ ತಪ್ಪುವುದಿಲ್ಲ.

ಆ ಗತಿ ತಪ್ಪಿಸಿದ್ದು, ಒಂದಷ್ಟಾದರೂ, ಖಾತ್ರಿ ಕೆಲಸ. 2020-21ರಲ್ಲಿ ಏಳೂವರೆ ಕೋಟಿ ಕುಟುಂಬಗಳು ಉದ್ಯೋಗ ಖಾತ್ರಿಗೆ ಬಂದವು. ತಾವು ₹61,500 ಕೋಟಿಯ ಮೇಲೆ ಇನ್ನೂ ₹40,000 ಕೋಟಿ ಸೇರಿಸಿದಿರಿ. ಹಿಂಜರಿತದ ಕಾಲದಲ್ಲಿ ತಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದನ್ನೇ ನಾನು ಮೊದಲಿಗೆ ಇಡುತ್ತೇನೆ. ಈ ಬಜೆಟ್‌ನಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಿರಿ, ನನ್ನಂಥವರಿಗೆ ಅನುಕೂಲವಾಯಿತು. ಖಾತ್ರಿಗೆ ಮಾತ್ರ ಕಳೆದ ವರ್ಷದ ₹86,000 ಕೋಟಿಯೇ ಉಳಿಯಿತು. ಕರ್ನಾಟಕದಲ್ಲಿ ಆ ಕೂಲಿ 2024-25ರಲ್ಲಿ ದಿನಕ್ಕೆ ₹349 ಇತ್ತು, ಕಾನೂನಿನ ಪ್ರಕಾರ 15 ದಿನದೊಳಗೆ ಖಾತೆಗೆ ಬರಬೇಕು.

ನನ್ನ ಕೋರಿಕೆ ಇಷ್ಟೇ. ಕೃಷಿಯಲ್ಲಿ ಸಿಕ್ಕಿಕೊಂಡವರ ಪ್ರಮಾಣ ಮತ್ತೆ ಶೇ 42.5ಕ್ಕೆ ಇಳಿಯುವ ತನಕ ಖಾತ್ರಿಯ ಮೊತ್ತವನ್ನು ಬೆಲೆ ಏರಿಕೆಗಿಂತ ಹಿಂದೆ ಬೀಳಲು ಬಿಡಬೇಡಿ. ಬಜೆಟ್ ಭಾಷಣದಲ್ಲಿ ಬೆಳವಣಿಗೆ ದರ ಓದಿದ ಉಸಿರಿನಲ್ಲೇ ಆ ಪ್ರಮಾಣವನ್ನೂ ಓದಿ. ನಮ್ಮ ರಾಜ್ಯದ ಸದಸ್ಯರಾಗಿ ಒಮ್ಮೆ ಲಿಂಗಸುಗೂರು, ದೇವದುರ್ಗ, ಸುರಪುರದ ಕಡೆ ಬನ್ನಿ. ಸುಗ್ಗಿ ಮುಗಿದ ಮೇಲೆ ಬಂದರೆ ಬೆಂಗಳೂರಿನ ಬಸ್ಸಿಗೆ ಕಾಯುವವರೇ ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ, ಉಳಿದದ್ದನ್ನು ಅವರೇ ಹೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ