ಗಣಿತ ಪಾಠದಲ್ಲಿ ತಂತ್ರಜ್ಞಾನದ ಬಳಕೆ: ಪ್ರೌಢಶಾಲೆಯ ಪೋಷಕರಿಗೆ ಮುಖ್ಯ ಶಿಕ್ಷಕರ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ಪೋಷಕರ ಸಭೆಯಲ್ಲಿ ತಮ್ಮಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದಿರಿ. ಗಣಿತದ ತರಗತಿಗೆ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಬಂದಿವೆ ಎಂದು ಮಕ್ಕಳು ಮನೆಯಲ್ಲಿ ಹೇಳುತ್ತಿದ್ದಾರೆ. ಹಾಗಾದರೆ ನಾವೂ ಮಗುವಿಗೊಂದು ಮೊಬೈಲ್ ಕೊಡಿಸಬೇಕೇ, ಹಣ ಕಟ್ಟಿ ಯಾವುದಾದರೂ ಆ್ಯಪ್ ಹಾಕಿಸಬೇಕೇ ಎಂಬುದು ಆ ಪ್ರಶ್ನೆ. ಬೇಡ ಎಂಬುದೇ ಶಾಲೆಯ ಉತ್ತರ. ಆದರೆ ಅಷ್ಟನ್ನೇ ಹೇಳಿ ಸುಮ್ಮನಾದರೆ ತರಗತಿಯಲ್ಲಿ ನಡೆಯುತ್ತಿರುವುದೇನು, ಅದರಿಂದ ಮಕ್ಕಳಿಗೆ ಏನು ಉಪಯೋಗ ಎಂಬುದು ತಮಗೆ ತಿಳಿಯದೇ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಒಂಬತ್ತನೇ ತರಗತಿಯ ವೃತ್ತಗಳ ಪಾಠದಲ್ಲಿ ಒಂದು ಪ್ರಮೇಯವಿದೆ. ಒಂದು ಕಂಸವು (ಅಂದರೆ ವೃತ್ತದ ಪರಿಧಿಯ ಒಂದು ತುಂಡು) ವೃತ್ತದ ಕೇಂದ್ರದಲ್ಲಿ ಉಂಟುಮಾಡುವ ಕೋನವು, ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಅದು ಉಂಟುಮಾಡುವ ಕೋನದ ಎರಡರಷ್ಟಿರುತ್ತದೆ. ಕಪ್ಪುಹಲಗೆಯ ಮೇಲೆ ಶಿಕ್ಷಕರು ಬರೆಯುವ ಚಿತ್ರ ಒಂದೇ, ಅದರಲ್ಲಿ ಬಿಂದು ಇರುವ ಜಾಗವೂ ಒಂದೇ. ಹೀಗಾಗಿ 'ಯಾವುದೇ ಬಿಂದು' ಎಂಬ ಮಾತಿನ ಭಾರ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ. ಪರೀಕ್ಷೆಯಲ್ಲಿ ಅದೇ ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಬರೆಯಲು ತಡವರಿಸುತ್ತಾರೆ. ಈ ವರ್ಷ ನಮ್ಮ ಗಣಿತ ಶಿಕ್ಷಕಿಯವರು ಈ ಪಾಠವನ್ನು ಜಿಯೋಜೀಬ್ರಾ ಎಂಬ ತಂತ್ರಾಂಶದ ನೆರವಿನಿಂದ ಮಾಡಿದರು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಈ ತಂತ್ರಾಂಶವನ್ನು ಶಾಲೆಗಳು ಉಚಿತವಾಗಿ ಬಳಸಬಹುದು; ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಪರದೆಯ ಮೇಲೆ ಕೇಂದ್ರದ ಕೋನ 110 ಡಿಗ್ರಿ, ಪರಿಧಿಯ ಮೇಲಿನ ಕೋನ 55 ಡಿಗ್ರಿ ಎಂದು ಕಾಣುತ್ತಿತ್ತು. ಬಿಂದುವನ್ನು ಎಳೆಯುವ ಮೊದಲು, ಈಗ ಕೋನ ದೊಡ್ಡದಾಗುತ್ತದೆಯೋ ಚಿಕ್ಕದಾಗುತ್ತದೆಯೋ ಎಂದು ಶಿಕ್ಷಕಿ ಕೇಳಿದರು. ಬಹುತೇಕ ಮಕ್ಕಳು ಬದಲಾಗುತ್ತದೆ ಎಂದೇ ಹೇಳಿದರು. ಬಿಂದು ಪರಿಧಿಯುದ್ದಕ್ಕೂ ಸರಿಯುತ್ತಾ ಹೋಯಿತು, 55 ಮಾತ್ರ ಕದಲಲಿಲ್ಲ. ಅದೇ ಬಿಂದು ಕಂಸದ ತುದಿಯನ್ನು ದಾಟಿ ಆಚೆ ಹೋದ ಕೂಡಲೇ ಕೋನ 125 ಆಯಿತು! ತರಗತಿಯಲ್ಲಿ ಗದ್ದಲವೆದ್ದಿತು. ಆ ಗದ್ದಲದ ನಡುವೆ ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಎದ್ದುನಿಂತು, 360ರಲ್ಲಿ 110 ಕಳೆದರೆ 250, ಅದರ ಅರ್ಧ 125 ಅಲ್ಲವೇ ಮೇಡಂ ಎಂದಳು. ಆ ಹೊತ್ತಿಗೆ ನಾನು ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಪಠ್ಯಪುಸ್ತಕದಲ್ಲಿ 'ಉಳಿದ ಭಾಗದ ಮೇಲಿನ' ಎಂದು ಏಕೆ ಬರೆದಿದ್ದಾರೆಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡ ಕ್ಷಣ ಅದು. ಗಣಿತಕ್ಕೆ ತಂತ್ರಜ್ಞಾನ ಬೇಕೆಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇಂತಹ ಕ್ಷಣವೇ.

ಆದರೆ ಕಣ್ಣಿಗೆ ಕಂಡ ಮಾತ್ರಕ್ಕೆ ಪ್ರಮೇಯವನ್ನು ಸಾಧಿಸಿ ತೋರಿಸಿದಂತಾಗುವುದಿಲ್ಲ. ಬಿಂದುವನ್ನು ನೂರು ಕಡೆ ಇಟ್ಟು ನೋಡಿದರೂ ನೂರ ಒಂದನೆಯ ಕಡೆ ಏನಾಗುತ್ತದೆಂದು ಅದರಿಂದ ಹೇಳಲಾಗದು. ತ್ರಿಜ್ಯಗಳು ಸಮವಾಗಿರುವುದರಿಂದ ಸಮದ್ವಿಬಾಹು ತ್ರಿಭುಜಗಳು ಉಂಟಾಗುತ್ತವೆ, ಅವುಗಳ ಬಹಿರ್ಕೋನವನ್ನು ಹಿಡಿದು ಪ್ರಮೇಯವನ್ನು ಸಾಧಿಸಬೇಕು ಎಂಬ ಭಾಗವನ್ನು ಮಕ್ಕಳು ನೋಟ್‌ಪುಸ್ತಕದಲ್ಲಿ ಪೆನ್ಸಿಲ್ ಹಿಡಿದೇ ಮಾಡಬೇಕು. ಆದ್ದರಿಂದ ಕೈವಾರ ಮತ್ತು ಕೋನಮಾಪಕದಿಂದ ಪ್ರತಿ ಮಗುವೂ ಚಿತ್ರ ಬರೆದು ಅಳೆದ ಮೇಲೆಯೇ ಪ್ರೊಜೆಕ್ಟರ್ ಹಚ್ಚುವುದೆಂದು ನಿಯಮ ಮಾಡಿಕೊಂಡಿದ್ದೇವೆ. ಒಂದು ಅವಧಿಯಲ್ಲಿ ಪರದೆಗೆ ಹೆಚ್ಚೆಂದರೆ 15 ನಿಮಿಷ. ಕರೆಂಟ್ ಹೋದರೂ ಪಾಠ ನಿಲ್ಲಬಾರದೆಂಬುದು ಇದಕ್ಕೆ ಇನ್ನೊಂದು ಕಾರಣ.

ಹತ್ತನೇ ತರಗತಿಯಲ್ಲಿ ಬಹುಪದೋಕ್ತಿಗಳ ನಕ್ಷೆ ಮತ್ತು ರೇಖಾತ್ಮಕ ಸಮೀಕರಣಗಳ ಜೋಡಿಗೆ ಇದೇ ಕ್ರಮವನ್ನು ಅನುಸರಿಸುತ್ತಿದ್ದೇವೆ. ಪರೀಕ್ಷೆಯಲ್ಲಿ ನಕ್ಷೆಯನ್ನು ಕೈಯಿಂದಲೇ ಎಳೆಯಬೇಕಾದ್ದರಿಂದ ಗ್ರಾಫ್ ಹಾಳೆಯ ಅಭ್ಯಾಸದಲ್ಲಿ ಯಾವ ಕಡಿತವನ್ನೂ ಮಾಡಿಲ್ಲ.

ತಂತ್ರಜ್ಞಾನದ ಎರಡನೆಯ ಉಪಯೋಗವೆಂದರೆ, ಮಕ್ಕಳು ಎಲ್ಲಿ ತಪ್ಪುತ್ತಿದ್ದಾರೆಂದು ಅಂದೇ ತಿಳಿಯುವ ವಿಚಾರ. ಎಲ್ಲರಿಗೂ ಅರ್ಥವಾಯಿತೇ ಎಂದು ಕೇಳಿದರೆ ಇಡೀ ತರಗತಿ ಹೌದು ಎನ್ನುತ್ತದೆ. ಅರ್ಥವಾಗದ ಮಗು ಬಾಯಿ ಬಿಡುವುದಿಲ್ಲ. ಪ್ಲಿಕರ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೆ ಒಂದು ಮುದ್ರಿತ ಕಾಗದದ ಕಾರ್ಡ್ ಕೊಡುತ್ತೇವೆ. ಅದನ್ನು ಯಾವ ಬದಿ ಮೇಲಾಗಿ ಹಿಡಿಯುತ್ತಾರೋ ಅದೇ ಅವರ ಉತ್ತರ. ಶಿಕ್ಷಕರು ತಮ್ಮ ಒಂದೇ ಮೊಬೈಲಿನಿಂದ ಇಡೀ ತರಗತಿಯ ಕಾರ್ಡ್‌ಗಳನ್ನು ಓದಿಕೊಳ್ಳುತ್ತಾರೆ, ಮಕ್ಕಳ ಕೈಯಲ್ಲಿ ಯಾವ ಸಾಧನವೂ ಬೇಕಿಲ್ಲ. ಪಕ್ಕದವರ ಕಾರ್ಡ್ ನೋಡಿ ಉತ್ತರ ಹೇಳುವುದೂ ಕಷ್ಟ, ಏಕೆಂದರೆ ಪ್ರತಿ ಕಾರ್ಡಿನ ವಿನ್ಯಾಸ ಬೇರೆ. 0.4 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಎಂಟನೇ ತರಗತಿಯಲ್ಲಿ ಬಂದ ಉತ್ತರಗಳನ್ನು ನೋಡಿ ನಾವು ಬೇಸರಪಟ್ಟುಕೊಂಡದ್ದು ನಿಜ. 35 ಎಂಬುದು 4ಕ್ಕಿಂತ ದೊಡ್ಡದಾದ್ದರಿಂದ 0.35 ದೊಡ್ಡದು ಎಂದು ಎಷ್ಟೋ ಮಕ್ಕಳು ನಂಬಿದ್ದರು. ಆ ತಪ್ಪು ನಂಬಿಕೆಯನ್ನು ಹಾಗೆಯೇ ಬಿಟ್ಟು ಮುಂದಿನ ಪಾಠಕ್ಕೆ ಹೋಗಿದ್ದರೆ ಅದು ಹತ್ತನೇ ತರಗತಿಯವರೆಗೂ ಅವರ ಬೆನ್ನು ಬಿಡುತ್ತಿರಲಿಲ್ಲ. ಮರುದಿನವೇ ಸಂಖ್ಯಾರೇಖೆ ಎಳೆದು, ಹತ್ತು ಭಾಗ, ನೂರು ಭಾಗ ಮಾಡಿ ಮತ್ತೆ ಕಲಿಸಿದೆವು. ಮಕ್ಕಳ ಹೆಸರನ್ನು ಪ್ಲಿಕರ್ಸ್‌ನಲ್ಲಿ ದಾಖಲಿಸುವುದಿಲ್ಲ, ಹಾಜರಿ ಸಂಖ್ಯೆ ಮಾತ್ರ ಇರುತ್ತದೆ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ತಾವು ಮನೆಯಲ್ಲಿ ಯಾವುದೇ ಕಲಿಕಾ ಆ್ಯಪ್ ಹಾಕುವಾಗಲೂ ಮಗುವಿನ ಹೆಸರು, ಫೋಟೊ, ಫೋನ್ ಸಂಖ್ಯೆ ಕೊಡುವ ಮುನ್ನ ಯೋಚಿಸಬೇಕೆಂದು ಕೋರುತ್ತೇನೆ.

ಈಗ ನನಗೆ ಚಿಂತೆಯಾಗಿರುವ ಒಂದು ಸಂಗತಿ. ಲೆಕ್ಕದ ಫೋಟೊ ತೆಗೆದರೆ ಹಂತಹಂತವಾಗಿ ಬಿಡಿಸಿಕೊಡುವ ಆ್ಯಪ್‌ಗಳು ಮನೆಯ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತಿವೆ. ಕೆಲವು ಮಕ್ಕಳ ಮನೆಗೆಲಸದಲ್ಲಿ ಒಂದು ತಪ್ಪೂ ಇರುವುದಿಲ್ಲ. ಅದೇ ಲೆಕ್ಕವನ್ನು ಕಿರುಪರೀಕ್ಷೆಯಲ್ಲಿ ಕೊಟ್ಟರೆ ಹಾಳೆ ಖಾಲಿ. ಮಕ್ಕಳನ್ನು ಗದರಿಸಬೇಡಿ. ತಮಗೆ ಗಣಿತ ಬರದಿದ್ದರೂ ಚಿಂತೆಯಿಲ್ಲ, ಬರೆದ ಲೆಕ್ಕದ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, 'ಇದು ಹೇಗೆ ಬಂತು, ಹೇಳಪ್ಪ' ಎಂದು ಕೇಳಿ. ತಾನೇ ಮಾಡಿದ ಮಗು ತೊದಲುತ್ತಲಾದರೂ ಹೇಳುತ್ತದೆ. ಹೇಳಲಾಗದಿದ್ದರೆ ಆ ಲೆಕ್ಕದ ಪಕ್ಕ ಒಂದು ಗುರುತು ಹಾಕಿ ಕಳುಹಿಸಿ. ಅದನ್ನು ತರಗತಿಯಲ್ಲಿ ಮತ್ತೆ ಮಾಡಿಸುತ್ತೇವೆ.

ಮಗುವಿಗೆ ಪಾಠ ತಪ್ಪಿದ ದಿನ ಅದನ್ನು ಮನೆಯಲ್ಲಿ ತೋರಿಸಬಯಸುವವರು ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ತಮ್ಮ ಮೊಬೈಲಿನಲ್ಲಿ ತೆರೆದರೆ, 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಯ ಪಾಠಗಳು ಸಿಗುತ್ತವೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ದೊಡ್ಡವರು ಜೊತೆಯಲ್ಲಿ ಕುಳಿತು ತೋರಿಸಿ, ನೋಡಿದ ಮೇಲೆ ಫೋನನ್ನು ವಾಪಸ್ ಪಡೆದರೆ ಸಾಕು.

ಕೊನೆಯದಾಗಿ ತಮ್ಮಿಂದ ಒಂದು ಸಹಾಯ ಬೇಕಾಗಿದೆ. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ನಮ್ಮೂರಿನದೇ ಅಂಕಿಅಂಶಗಳನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ಹಾಕಿ ಮಾಡಿಸಬೇಕೆಂದಿದ್ದೇವೆ. ಡೇರಿಗೆ ಹಾಲು ಹಾಕುವ ಮನೆಯವರು 30 ದಿನಗಳ ಲೀಟರ್ ಲೆಕ್ಕವನ್ನು, ಹೆಸರು ಬರೆಯದೆ, ಒಂದು ಚೀಟಿಯಲ್ಲಿ ಕಳುಹಿಸಿಕೊಟ್ಟರೆ ಮಕ್ಕಳು ಅದರ ಸರಾಸರಿ ಮತ್ತು ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಬೆಲೆಯನ್ನು) ಮೊದಲು ಕೈಯಿಂದ, ಆಮೇಲೆ ಕಂಪ್ಯೂಟರಿನಲ್ಲಿ ಕಂಡುಹಿಡಿಯುತ್ತಾರೆ. ಒಂದು ದಿನದ 6.5 ಲೀಟರನ್ನು ತಪ್ಪಾಗಿ 65 ಎಂದು ಬರೆದರೆ ತಿಂಗಳ ಸರಾಸರಿ ಸುಮಾರು 2 ಲೀಟರಿನಷ್ಟು ಏರಿಬಿಡುತ್ತದೆ, ಮಧ್ಯಾಂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ತಮ್ಮ ಮನೆಯ ಲೆಕ್ಕದಲ್ಲಿಯೇ ಇದನ್ನು ಕಂಡ ಮಗುವಿಗೆ ಎರಡರ ವ್ಯತ್ಯಾಸವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮುಂದಿನ ಶನಿವಾರ ಬೆಳಗಿನ ಗಣಿತ ಅವಧಿಗೆ ತಾವು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡಬಹುದು. ಚೀಟಿಗಳನ್ನು ಅಂದೇ ತಂದುಕೊಟ್ಟರೂ ಆಗುತ್ತದೆ. ಬರಲಾಗದವರು ಮಕ್ಕಳ ಕೈಯಲ್ಲಿ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ